ಹೊಳೆಯ ಮಣ್ಣು ಹಂಚಾದ ಕತೆ

ಮಂಗಳೂರಿನ ಕದ್ರಿಯಲ್ಲಿ ಎಲ್ಲಿ ಹಾರೆ ಹಾಕಿದರೂ ಸಿಗುವುದು ಕೆಂಪು ಮಣ್ಣು, ಅದರಡಿ ಮುರಕಲ್ಲು. ಗೋಡೆಗೆ, ಪಾಗಾರಕ್ಕೆ, ಬಾವಿಕಟ್ಟೆಗೆ ಈ ಕಲ್ಲಿಗೆ ಸಾಟಿಯಿಲ್ಲ. ಆ ಗೋಡೆಯ ಮೇಲೆ ಕೂತ ಹಂಚೂ ಕೆಂಪೇ ಆದ್ದರಿಂದ ಎರಡೂ ಒಂದೇ ಗುಡ್ಡದಿಂದ ಬಂದವು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಗುಡ್ಡದ ಮಣ್ಣು ಹಂಚಿಗೆ ಆಗಿಬರುವುದಿಲ್ಲ. ಮಂಗಳೂರಿನ ಹೆಸರನ್ನು ಆಫ್ರಿಕಾದ ಕರಾವಳಿಯವರೆಗೆ ಒಯ್ದ ಹಂಚು ಹುಟ್ಟಿದ್ದು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಬದಿಯ ಗದ್ದೆಗಳಲ್ಲಿ. ಅಲ್ಲಿನ ಜೇಡಿಮಣ್ಣು ಅಗೆಯುವಾಗ ಬೂದು ಬಣ್ಣದ್ದು, ಅಂಟಂಟು. ಅದರೊಳಗಿನ ಕಬ್ಬಿಣದ ಅಂಶ ಗೂಡಿನ ಬೆಂಕಿಯಲ್ಲಿ ಗಾಳಿಯೊಂದಿಗೆ ಬೆರೆತಾಗ ಮಾತ್ರ ಆ ಕೆಂಪು ಮೇಲೆದ್ದು ಬರುತ್ತದೆ. ಗದ್ದೆಯ ಈ ಬೂದು ಮಣ್ಣಿನಲ್ಲಿ ಸಾವಿರಾರು ಜನರ ಅನ್ನವಿದೆ ಎಂದು ಕಂಡವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ. ಅವರು ಮಣ್ಣು ಹುಡುಕಲು ಹೊರಟದ್ದು ಏಕೆ ಎಂಬುದೇ ಈ ಕತೆಯ ತಿರುಳು.

ಹೊರಗಿನಿಂದ ಬಂದ ಧರ್ಮಗಳು ಕದ್ರಿಗೆ ಹೊಸವಲ್ಲ. ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಅಳುಪ ದೊರೆ ಕುಂದವರ್ಮನ ಶಾಸನವಿದೆ. ಅದರ ಕಾಲ ಕ್ರಿ.ಶ. 968. ಬೌದ್ಧರು ಇಲ್ಲಿದ್ದರು, ನಾಥಪಂಥದ ಜೋಗಿಗಳು ಬಂದರು, ಗುಡ್ಡದ ಮೇಲೆ ಅವರ ಮಠ ಇಂದಿಗೂ ಇದೆ. ಕದ್ರಿಗೆ ತಾಗಿಕೊಂಡೇ ಇರುವ ಬಲ್ಮಠ ಗುಡ್ಡಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದವರು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು. ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು 1833ರಲ್ಲಿ ಬದಲಾಗಿ, ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ಕೆಲಸ ಮಾಡಲು ದಾರಿಯಾಯಿತು. ಮರುವರ್ಷವೇ ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈಯಲ್ಲಿ ಹೊರಡಿಸಿದವರು ಇವರೇ. ಶಾಲೆಯ ಹುಡುಗರ ಜೊತೆಯಲ್ಲೇ ಇದ್ದು, ಅವರು ಉಂಡ ಅನ್ನ ಸಾರನ್ನೇ ಉಂಡವರು.

ಇವರೆಲ್ಲ ಬಂದದ್ದು ಕ್ರಿಸ್ತನ ಸುವಾರ್ತೆ ಸಾರಲಿಕ್ಕೆ. ಅದನ್ನು ಮುಚ್ಚಿಡಬೇಕಾಗಿಲ್ಲ; ಅವರೂ ಮುಚ್ಚಿಡಲಿಲ್ಲ. ಮತಾಂತರಕ್ಕೆ ಊರು ಸಿಡಿದೆದ್ದದ್ದೂ ಉಂಟು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೇ ನಡೆಯಿತು. ಆದರೆ ಮಿಷನ್ ಸೇರಿದವರಲ್ಲಿ ಬಹುಪಾಲು ಮಂದಿ ಬ್ರಾಹ್ಮಣರಲ್ಲ, ಬಿಲ್ಲವರು ಮತ್ತು ಇತರ ಬಡ ಒಕ್ಕಲು ಜನ. ಅವರ ಪಾಡು ಗದ್ದಲದಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಅಂದಿನ ತುಳುನಾಡಿನಲ್ಲಿ ಕಸುಬು ಜಾತಿಗೆ ಅಂಟಿಕೊಂಡಿತ್ತು, ಗೇಣಿಯ ಗದ್ದೆ ಧಣಿಯ ಮರ್ಜಿಗೆ ಬಿಟ್ಟದ್ದಾಗಿತ್ತು. ಜಾತಿ ಬಿಟ್ಟವನಿಗೆ ಗದ್ದೆಯೂ ಹೋಯಿತು, ಕೆಲಸಕ್ಕೆ ಕರೆಯುವವರೂ ಇಲ್ಲವಾದರು, ಕೂಡುಕುಟುಂಬದ ಪಾಲೂ ಕೈತಪ್ಪಿತು. ಇನ್ನು ಮೂರ್ತೆ ಕಸುಬಿನವರಿಗೆ ಕಳ್ಳು ಇಳಿಸುವ ಕೆಲಸ ಬಿಡಿ ಎಂದು ಮಿಷನ್ನೇ ತಾಕೀತು ಮಾಡಿತ್ತು. ಬಿಟ್ಟರು. ಆಮೇಲೆ ಏನು ತಿನ್ನುವುದು?

ನನ್ನ ಮಟ್ಟಿಗೆ ಈ ಇತಿಹಾಸದ ನಿಜವಾದ ಪರೀಕ್ಷೆ ನಡೆದದ್ದು ಇಲ್ಲಿ. ಸೇರಿಸಿಕೊಂಡವರ ಹೊಟ್ಟೆಯ ಹೊಣೆಯೂ ತಮ್ಮದೇ ಎಂದು ಮಿಷನ್ ಒಪ್ಪಿಕೊಂಡಿತು. ದಿನವೂ ಗಂಜಿ ಹಂಚುತ್ತ ಕೂರುವುದು ಸುಲಭದ ದಾರಿಯಾಗಿತ್ತು. ಅದು ಬೇಡ, ದುಡಿದು ತಿನ್ನುವ ಕಸುಬು ಬೇಕು, ಆ ಕಸುಬಿಗೆ ಜಾತಿ ಇರಬಾರದು ಎಂದು ಹಟ ಹಿಡಿದರು. ಆ ಕಾಲಕ್ಕೆ ಈ ಮಾತು ಈಗ ಕೇಳಿಸುವಷ್ಟು ಸಲೀಸಾಗಿರಲಿಲ್ಲ. ಇಡೀ ಊರಿನಲ್ಲಿ ಜಾತಿ ಇಲ್ಲದ ಕಸುಬು ಯಾವುದಿತ್ತು? ಇಲ್ಲದ್ದನ್ನು ಹೊಸದಾಗಿ ಹುಟ್ಟಿಸಬೇಕಿತ್ತು.

ಮೊದಮೊದಲು ಎಲ್ಲವೂ ನೆಲಕಚ್ಚಿತು. ಬೇಸಾಯ ಮಾಡಿಸಿದರು, ಕೈಹಿಡಿಯಲಿಲ್ಲ. ಕಾಫಿ, ಸಕ್ಕರೆ ಎಂದು ಪ್ರಯತ್ನಪಟ್ಟರು. ಗಡಿಯಾರ ಕಟ್ಟುವುದನ್ನೂ ಕಲಿಸಿ ನೋಡಿದರು. ಸ್ವಿಸ್ ನೆಲದಿಂದ ಬಂದ ಸಂಸ್ಥೆಗೆ ಆ ಆಸೆ ಸಹಜವೇ, ಆದರೆ ಮಂಗಳೂರಿನಲ್ಲಿ ಗಡಿಯಾರ ಕೊಳ್ಳುವವರೆಷ್ಟು ಮಂದಿ? ಸ್ವಲ್ಪ ನಿಂತದ್ದು ನೇಯ್ಗೆ. ಜಾನ್ ಹಾಲರ್ ಎಂಬ ನೇಕಾರ 1851ರಲ್ಲಿ ಬಂದು ಯುರೋಪಿನ ಮಾದರಿಯ ಕೈಮಗ್ಗಗಳನ್ನು ಹೂಡಿದರು, ಬಣ್ಣದ ಮನೆಯನ್ನೂ ತೆರೆದರು. ಬಲ್ಮಠದ ನೇಯ್ಗೆಮನೆ ಖಾಕಿ ಬಣ್ಣಕ್ಕೆ ಹೆಸರಾಯಿತು. ಖಾಕಿ ಹುಟ್ಟಿದ್ದೇ ಇಲ್ಲಿ ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಪೇಶಾವರದ ಕಡೆಯ ಗೈಡ್ಸ್ ಎಂಬ ಸೇನಾ ಪಡೆ ಅದಕ್ಕೂ ಕೆಲ ವರ್ಷ ಮುಂಚೆ ಮಣ್ಣುಬಣ್ಣದ ಬಟ್ಟೆ ತೊಟ್ಟಿತ್ತು ಎಂಬುದನ್ನೂ ಜೊತೆಗೇ ಹೇಳಬೇಕು. ಹಾಲರ್ ಅವರ ಸಾಧನೆ ಬೇರೆ ಬಗೆಯದು. ಇಲ್ಲಿನ ಮರದ ರಸದಿಂದ ಗಟ್ಟಿ ಬಣ್ಣ ತೆಗೆದು, ಇಲ್ಲಿನ ಕೈಗಳಿಂದಲೇ ಬಟ್ಟೆ ನೇಯಿಸಿ, ಅದನ್ನು ಮಾರಾಟಕ್ಕೆ ಬರುವಷ್ಟು ಮಟ್ಟಿಗೆ ಬೆಳೆಸಿದರು. ಅದೇನೂ ಚಿಕ್ಕ ಮಾತಲ್ಲ.

ಆದರೂ ನೇಯ್ಗೆಯೊಂದೇ ಎಲ್ಲರಿಗೂ ಅನ್ನ ಕೊಡಲಾರದಾಯಿತು.

ಪ್ಲೆಬ್ಸ್ಟ್ ಬಂದದ್ದೂ ಸುಮಾರು ಅದೇ ಹೊತ್ತಿಗೆ, ಬೇರೆ ಕೆಲಸಕ್ಕೆ. 1841ರಲ್ಲಿ ಕಲ್ಲಚ್ಚಿನಿಂದ ಶುರುವಾಗಿದ್ದ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಯಂತ್ರ ತಿಳಿದ ಒಬ್ಬರು ಬೇಕಾಗಿದ್ದರು. ಕನ್ನಡದ ಅಚ್ಚುಮೊಳೆಗಳನ್ನು ಕೂಡಿಸಿ ಪುಸ್ತಕ ತೆಗೆಯುವ ಕೆಲಸದಲ್ಲಿ ಪ್ಲೆಬ್ಸ್ಟ್ ಇದ್ದರು. ಅಚ್ಚಿನಮನೆಯವರು ಹಂಚಿನ ಕಡೆ ಹೊರಳಿದ್ದು ವಿಚಿತ್ರವೆನಿಸಬಹುದು. ಆದರೆ ಒತ್ತುಯಂತ್ರದ ಒಳಗುಟ್ಟು ಬಲ್ಲವರಿಗೆ, ಕಾಗದದ ಜಾಗದಲ್ಲಿ ಮಣ್ಣಿನ ಬಿಲ್ಲೆಯನ್ನಿಟ್ಟು ಒತ್ತಿದರೆ ಏನಾದೀತು ಎಂದು ಊಹಿಸುವುದು ಉಳಿದವರಿಗಿಂತ ಸುಲಭವಾಗಿತ್ತು.

ಅಂದಿನ ಮಂಗಳೂರಿನ ಮಾಡುಗಳನ್ನು ಕಣ್ಣಿಗೆ ತಂದುಕೊಳ್ಳಿ. ಬಹುಪಾಲು ಮನೆಗಳಿಗೆ ಮುಳಿಹುಲ್ಲು, ಇಲ್ಲವೇ ಮಡಲು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊದಿಸಬೇಕು. ಒಂದು ಕಿಡಿ ಹಾರಿದರೆ ಮನೆ ಉಳಿಯುವುದಿಲ್ಲ, ಗಾಳಿಯಿದ್ದರೆ ನೆರೆಮನೆಯೂ ಇಲ್ಲ. ಉಳ್ಳವರಿಗೆ ಕುಂಬಾರರು ಕೈಯಲ್ಲಿ ಮಾಡಿದ ನಾಡಹಂಚಿತ್ತು. ಅರ್ಧ ಕೊಳವೆಯಂಥ ಆ ಹಂಚುಗಳನ್ನು ಒಂದರ ಮೇಲೊಂದು ದಟ್ಟವಾಗಿ ಜೋಡಿಸಬೇಕು. ಮರದ ಮೇಲೆ ಭಾರ ಹೆಚ್ಚು, ಮಂಗ ಹಾರಿದರೆ, ಕಾಗೆ ಕುಕ್ಕಿದರೆ ಜರಗುತ್ತವೆ, ಜರಗಿದಲ್ಲಿ ಸೋರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಸೋರುವ ಮಾಡು ಎಂದರೆ ಒಂದಿಡೀ ಕುಟುಂಬದ ನಿದ್ದೆ, ಬಿತ್ತನೆಯ ಬೀಜ, ಮಕ್ಕಳ ಆರೋಗ್ಯ ಎಲ್ಲ ನೀರುಪಾಲು.

ಇದಕ್ಕೊಂದು ಉತ್ತರ ಯುರೋಪಿನಲ್ಲಿ ಆಗಲೇ ಸಿದ್ಧವಾಗಿತ್ತು. ಬಾಸೆಲ್ ಪಟ್ಟಣದಿಂದ ಮೂವತ್ತು ಕಿಲೋಮೀಟರ್ ಆಚೆ, ಆಲ್ಸೇಸ್ ಸೀಮೆಯ ಆಲ್ಟ್‌ಕಿರ್ಶ್ ಎಂಬಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕೊಕ್ಕೆಯಂತೆ ಹಿಡಿದುಕೊಳ್ಳುವ ಚಪ್ಪಟೆ ಹಂಚಿಗೆ ಪೇಟೆಂಟ್ ಪಡೆದಿದ್ದರು. ಮಂಗಳೂರು ಹಂಚು ಆ ಕುಲದ್ದೇ. ಆದ್ದರಿಂದ ಹಂಚಿನ ಆಕಾರವನ್ನು ಪ್ಲೆಬ್ಸ್ಟ್ ಕಂಡುಹಿಡಿದರು ಎನ್ನುವುದು ಸರಿಯಲ್ಲ. ಅವರು ಕಂಡುಹಿಡಿದದ್ದು ಆ ಆಕಾರವನ್ನು ತಾಳಿಕೊಳ್ಳುವ ಇಲ್ಲಿನ ಮಣ್ಣನ್ನು, ಇಲ್ಲಿನ ಹದವನ್ನು. ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ಮಳೆಗೆ ಆಲ್ಸೇಸ್‌ನ ಮಣ್ಣು ಯಾವ ಉತ್ತರವನ್ನೂ ಹೇಳಿಕೊಡಲಾರದು.

ಪ್ಲೆಬ್ಸ್ಟ್ ಯುರೋಪಿಗೆ ಹೋಗಿದ್ದಾಗ ಮಣ್ಣಿನ ಕೆಲಸ ಕಲಿತರು. ಮರಳಿ ಬಂದು ಕುಂಬಾರರು ಮಣ್ಣು ತೆಗೆಯುವ ಜಾಗಗಳನ್ನು ನೋಡಿದರು. ಈ ಹುಡುಕಾಟದಲ್ಲಿ ನಮ್ಮ ಕುಂಬಾರರ ಪಾಲನ್ನು ಯಾರೂ ಎತ್ತಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಯಾವ ಗದ್ದೆಯ ಮಣ್ಣು ನಿಲ್ಲುತ್ತದೆ, ಯಾವುದು ಒಣಗುವಾಗ ಬಾಯಿಬಿಡುತ್ತದೆ ಎಂಬ ತಿಳಿವಳಿಕೆ ಈ ನೆಲದಲ್ಲಿ ತಲೆತಲಾಂತರದಿಂದ ಇತ್ತು. ಮಡಕೆ ತಾಳುವ ಮಣ್ಣು ಹಂಚಿಗೂ ಆದೀತೇ ಎಂದು ಕೇಳಿದ್ದು ಪ್ಲೆಬ್ಸ್ಟ್ ಅವರ ಹೆಚ್ಚುಗಾರಿಕೆ. ಮಡಕೆ ದುಂಡಗೆ, ತೆಳ್ಳಗೆ. ಸುಡುವಾಗ ಸ್ವಲ್ಪ ಕುಗ್ಗಿದರೂ ನಡೆಯುತ್ತದೆ. ಹಂಚು ಹಾಗಲ್ಲ. ಒಂದರ ಅಂಚು ಇನ್ನೊಂದರ ಚಡಿಯೊಳಗೆ ಕೂರಬೇಕು. ಅಂಟು ಹೆಚ್ಚಿದ ಮಣ್ಣು ಒಣಗುವಾಗ ಸೆಟೆದುಕೊಳ್ಳುತ್ತದೆ, ಬಿರುಕುಬಿಡುತ್ತದೆ. ಮರಳು ಹೆಚ್ಚಿದರೆ ಹಂಚು ಪೊಳ್ಳಾಗಿ ನೀರು ಕುಡಿಯುತ್ತದೆ. ಅಂಟಿನ ಮಣ್ಣಿಗೆ ಮರಳುಮಣ್ಣು ಸೇರಿಸಿ, ರಾಶಿ ಹಾಕಿ ಹದಕ್ಕೆ ಬಿಟ್ಟು, ತುಳಿದು, ಅರೆದು, ಒತ್ತಿ, ಸುಟ್ಟು ನೋಡಿಯೇ ತಿಳಿಯಬೇಕು. ಪುಸ್ತಕದಲ್ಲಿ ಅದಕ್ಕೆ ಲೆಕ್ಕವಿಲ್ಲ.

1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಜಾಗದ ಆಯ್ಕೆಯಲ್ಲೇ ಜಾಣತನವಿದೆ: ಮಣ್ಣೂ ಕಟ್ಟಿಗೆಯೂ ದೋಣಿಯಲ್ಲಿ ಬರುತ್ತವೆ, ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತದೆ. ಎರಡು ಜನ ಕೆಲಸಗಾರರು, ಮಣ್ಣು ಅರೆಯುವ ಯಂತ್ರ ತಿರುಗಿಸಲು ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು. ಒಂದು ಸಾಧಾರಣ ಮನೆಯ ಮಾಡಿಗೇ ಅದು ಎರಡು ಮೂರು ದಿನದ ಕೆಲಸ. ಇಷ್ಟರಿಂದ ಶುರುವಾದದ್ದು ಕೆಲವೇ ದಶಕಗಳಲ್ಲಿ ಮಂಗಳೂರಿನ ಆಕಾಶಕ್ಕೆ ಹೊಗೆಕೊಳವೆಗಳ ಸಾಲನ್ನೇ ನಿಲ್ಲಿಸಿತು.

ಹಳೆಯ ಹಂಚೊಂದನ್ನು ಕೈಗೆತ್ತಿಕೊಂಡು ನೋಡಿದರೆ ಆ ಬುದ್ಧಿವಂತಿಕೆ ತಿಳಿಯುತ್ತದೆ. ತೂಕ ಎರಡೂವರೆ ಕಿಲೋ ಆಸುಪಾಸು. ಮೇಲ್ಮೈಯಲ್ಲಿ ನೀರು ಹರಿದುಹೋಗಲು ಉದ್ದುದ್ದ ತಗ್ಗು, ನಡುವೆ ಏಣು. ಒಂದು ಬದಿಯಲ್ಲಿ ಚಡಿ, ಇನ್ನೊಂದು ಬದಿಯಲ್ಲಿ ಆ ಚಡಿಗೆ ಕೂರುವ ಅಂಚು. ಎರಡು ಹಂಚು ಸೇರುವಲ್ಲಿ ನೀರು ಒಳಕ್ಕೆ ನುಗ್ಗಿದರೂ ಅದು ಮನೆಯೊಳಗೆ ಬೀಳುವುದಿಲ್ಲ, ಚಡಿಯಲ್ಲೇ ಇಳಿದು ಕೆಳಗಿನ ಹಂಚಿನ ಮೇಲಕ್ಕೆ ಬರುತ್ತದೆ. ತಿರುಗಿಸಿದರೆ ಹಿಂಬದಿಯಲ್ಲಿ ಮೊಳೆಯಂತೆ ಎದ್ದ ಗುಬ್ಬಿಗಳು. ಅವು ರೀಪಿಗೆ ತಗುಲಿ ನಿಲ್ಲುತ್ತವೆ, ಒಂದು ಆಣಿಯೂ ಬೇಡ. ಒಡೆದ ಹಂಚನ್ನು ಮಾತ್ರ ತೆಗೆದು ಇನ್ನೊಂದನ್ನು ತೂರಿಸಿದರೆ ಆಯಿತು, ಅಕ್ಕಪಕ್ಕದವು ಕದಲುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಕಣಕಣ ಎಂದರೆ ಚೆನ್ನಾಗಿ ಬೆಂದಿದೆ, ಬೊದಬೊದ ಎಂದರೆ ಒಳಗೆಲ್ಲೋ ಬಿರುಕಿದೆ. ಹಿಂಬದಿಯಲ್ಲೇ ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂದೂ 1865 ಎಂದೂ ಒತ್ತಿರುತ್ತದೆ. ಆ ಇಸವಿ ಕಾರ್ಖಾನೆ ಹುಟ್ಟಿದ್ದು, ಹಂಚು ಮಾಡಿದ್ದಲ್ಲ. ಮನೆಯ ವಯಸ್ಸನ್ನು ಅದರಿಂದ ಲೆಕ್ಕ ಹಾಕಬಾರದು.

ಇದರ ಹಿಂದಿನ ದುಡಿಮೆಯನ್ನೂ ಹೇಳದೆ ಬಿಡಲಾರೆ. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಮಣ್ಣು ಅಗೆದು, ಮಳೆಗಾಲಕ್ಕೂ ಸಾಲುವಷ್ಟು ಕೂಡಿಟ್ಟುಕೊಳ್ಳಬೇಕು. ಒತ್ತಿ ತೆಗೆದ ಹಸಿ ಹಂಚಿನ ಅಂಚು ಕತ್ತರಿಸಿ, ನೆರಳಿನಲ್ಲಿ ಅಟ್ಟಣೆಗಳ ಮೇಲೆ ಸಾಲಾಗಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಆಮೇಲೆ ಗೂಡಿಗೆ ತುಂಬಿ ದಿನಗಟ್ಟಲೆ ಬೆಂಕಿ. ತಲೆಹೊರೆಯಲ್ಲಿ ಹಂಚು ಸಾಗಿಸಿದವರಲ್ಲಿ ಹೆಂಗಸರೇ ಹೆಚ್ಚು. ಮನೆಯ ಹೊರಗೆ ದುಡಿದು ಸ್ವಂತ ಕೈಗೆ ಕೂಲಿ ಪಡೆದ ಮೊದಲ ತಲೆಮಾರಿನ ಹೆಂಗಸರು ಕರಾವಳಿಯ ಎಷ್ಟೋ ಮನೆಗಳಲ್ಲಿ ಹಂಚಿನ ಕಾರ್ಖಾನೆಯವರೇ. ಭಾನುವಾರ ಕಾರ್ಖಾನೆಗೆ ರಜೆ ಎಂಬುದು ಕೂಡ ಚರ್ಚಿನ ಕಟ್ಟಳೆಯಿಂದ ಬಂದು ಎಲ್ಲ ಮತದ ಕೂಲಿಗಳಿಗೂ ದಕ್ಕಿದ ವಿಶ್ರಾಂತಿ.

ಹಂಚು ಮಿಷನ್ನಿನ ಕೈಯಲ್ಲೇ ಉಳಿಯಲಿಲ್ಲ. ಅದೇ ಇದರ ದೊಡ್ಡ ಗೆಲುವು. 1868ರಲ್ಲೇ ಮಂಗಳೂರಿನ ಕೆಥೊಲಿಕರ ಆಲ್ಬುಕರ್ಕ್ ಮನೆತನ ತನ್ನ ಹಂಚಿನ ಕಾರ್ಖಾನೆ ತೆರೆಯಿತು. ಆ ಬಳಿಕ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಬಂಡವಾಳ ಇದ್ದವರೆಲ್ಲ ಈ ಉದ್ಯಮಕ್ಕೆ ಇಳಿದರು. ಮಿಷನ್ ಕೂಡ ಕಲ್ಲಿಕೋಟೆಯ ಪುದಿಯರದಲ್ಲಿ 1873ರಲ್ಲಿ, ಮಂಗಳೂರಿನ ಕುದ್ರೋಳಿಯಲ್ಲಿ 1882ರಲ್ಲಿ, ಮಲ್ಪೆಯಲ್ಲಿ 1886ರಲ್ಲಿ ಕಾರ್ಖಾನೆ ತೆರೆದು, 1905ರ ಫೆರೋಕ್ ಸೇರಿ ಕರಾವಳಿ ಮತ್ತು ಮಲಬಾರಿನಲ್ಲಿ ಏಳು ಕಾರ್ಖಾನೆಗಳನ್ನು ನಡೆಸಿತು. ಸರ್ಕಾರಿ ಕಟ್ಟಡಗಳಿಗೆ ಮಂಗಳೂರು ಹಂಚನ್ನೇ ಹಾಕಿ ಎಂಬ ಶಿಫಾರಸು ಬಂತು. ಮಂಜಿಗಳಲ್ಲಿ, ಹಡಗುಗಳಲ್ಲಿ ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಾಕ್ಕೆ, ಆಸ್ಟ್ರೇಲಿಯಾಕ್ಕೆ ಹಂಚು ಹೋಯಿತು. ಊರಲ್ಲಿ ಇಗರ್ಜಿಗೆ ಹೊದಿಸಿದ ಹಂಚನ್ನೇ ದೇವಸ್ಥಾನದ ಸುತ್ತುಪೌಳಿಗೂ, ಮಸೀದಿಗೂ, ದೈವಸ್ಥಾನಕ್ಕೂ, ಶಾಲೆಗೂ ಹೊದಿಸಿದರು. ಮತ ಬದಲಿಸಿದವರಿಗೆ ಅನ್ನ ಹುಡುಕಲು ಹೊರಟ ಪ್ರಯತ್ನ ಮತ ಬದಲಿಸದವರ ನೆತ್ತಿಯನ್ನೂ ಕಾಯಿತು.

ಎಲ್ಲವೂ ಹೂವಿನ ದಾರಿಯಾಗಿತ್ತು ಎಂದು ನಾನು ಹೇಳಲಾರೆ. ಕೆಲಸ ಕೊಡುವವರೂ ಪ್ರಾರ್ಥನೆ ನಡೆಸುವವರೂ ಒಬ್ಬರೇ ಆದಾಗ ಕೂಲಿಯವನ ಬಾಯಿ ಕಟ್ಟಿದಂತೆಯೇ. ಕುಡಿತ, ನಡತೆ, ಮನೆವಾರ್ತೆ ಎಲ್ಲದರ ಮೇಲೂ ಪಾದ್ರಿಗಳ ಕಣ್ಣಿತ್ತು. ಹಂಚಿಗಾಗಿ ಅಗೆದ ಗದ್ದೆಗಳಲ್ಲಿ ಎಷ್ಟೋ ಕಡೆ ಮತ್ತೆ ಭತ್ತ ಬೆಳೆಯಲಿಲ್ಲ. ಗೂಡಿನ ಬೆಂಕಿಗೆ ಘಟ್ಟದ ಕಾಡು ಕಟ್ಟಿಗೆಯಾಗಿ ಇಳಿದುಬಂತು. ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನನ್ನ ತೀರ್ಮಾನ ಬದಲಾಗುವುದಿಲ್ಲ. ಒಂದು ಧರ್ಮ ನಾಡಿಗೆ ಏನು ಕೊಟ್ಟಿತು ಎಂದು ಕೇಳುವವರು ಸಾಮಾನ್ಯವಾಗಿ ಅದರ ಗ್ರಂಥಗಳನ್ನೋ ಕಟ್ಟಡಗಳನ್ನೋ ತೋರಿಸುತ್ತಾರೆ. ನಾನು ತೋರಿಸುವುದು ಈ ಹಂಚನ್ನು: ನೆರೆಯವನ ಹಸಿವು ನನ್ನ ಹೊಣೆ ಎಂಬ ಕ್ರೈಸ್ತ ನಂಬಿಕೆ ಇಲ್ಲಿ ಕಣ್ಣಿಗೆ ಕಾಣುವ ವಸ್ತುವಾಗಿ ನಿಂತಿದೆ.

ಕದ್ರಿಯ ಆಸುಪಾಸಿನಲ್ಲೇ ಇದೇ ಬಗೆಯಲ್ಲಿ ಹುಟ್ಟಿದ ಇನ್ನೊಂದಿದೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ. ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ವೈದ್ಯರಾಗಿ ಬಂದವರಲ್ಲ. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ತಮ್ಮ ಕಾಯಿಲೆಗೆ ಗುಣ ಕೊಟ್ಟಿದ್ದ ಹೋಮಿಯೋಪಥಿ ಔಷಧಿಯನ್ನು ಹುಡುಗರಿಗೆ ಕೊಟ್ಟರು, ಹುಡುಗರ ಮನೆಯವರು ಬಂದರು, 1880ರಲ್ಲಿ ಬಡವರ ಔಷಧಾಲಯ ತೆರೆಯಬೇಕಾಯಿತು. ಕುಷ್ಠರೋಗಿಗಳನ್ನು ಊರು ಹೊರಗಟ್ಟುತ್ತಿದ್ದ ಕಾಲದಲ್ಲಿ, 1890ರಲ್ಲಿ ಅವರಿಗಾಗಿ ಆಶ್ರಯ ಕಟ್ಟಿದರು. ಹೋಮಿಯೋಪಥಿಯ ಗುಣಾವಗುಣ ಬೇರೆ ಚರ್ಚೆ. ಮೈ ಕೊಳೆತವರನ್ನು ಮುಟ್ಟಿ ತೊಳೆದ ಕೈಗಳ ಬಗ್ಗೆ ಚರ್ಚೆಯಿಲ್ಲ. ಪ್ಲೆಬ್ಸ್ಟ್ ದುಡಿದ ಆ ಮುದ್ರಣಾಲಯವೇ 1894ರಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದಿತು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಗ್ರಂಥವಿಲ್ಲದೆ ಹಳಗನ್ನಡ ಓದುವವರ ಮೇಜು ಇವತ್ತಿಗೂ ಪೂರ್ತಿಯಾಗುವುದಿಲ್ಲ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರಕ್ಕೆ ಶತ್ರು ದೇಶದವರಾದರು, ಬಂಧನಕ್ಕೊಳಗಾದರು, ಊರು ಬಿಡಬೇಕಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದವು. ಹಂಚಿನ ಕೆಲಸ ನಿಲ್ಲಲಿಲ್ಲ, ಏಕೆಂದರೆ ವಿದ್ಯೆ ಆಗಲೇ ಊರಿನದಾಗಿತ್ತು. ಅದನ್ನು ನಿಲ್ಲಿಸುತ್ತ ಬಂದದ್ದು ಕಾಂಕ್ರೀಟು ತಾರಸಿ, ತಗಡಿನ ಶೀಟು, ಮಣ್ಣಿನ ಅಭಾವ. ಒಂದಾದ ಮೇಲೊಂದು ಗೂಡು ಆರಿತು, ಹೊಗೆಕೊಳವೆಗಳು ಉರುಳಿದವು, ಆ ಜಾಗಗಳಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಕದ್ರಿಯಲ್ಲೂ ಹಂಚಿನ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಮಂಗಳೂರಿನವರಲ್ಲಿ ನನ್ನದೊಂದು ಬೇಡಿಕೆ. ಉಳಿದಿರುವ ಹಳೆಯ ಗೂಡುಗಳಲ್ಲಿ ಒಂದನ್ನಾದರೂ, ಅದರ ಹೊಗೆಕೊಳವೆ ಮತ್ತು ಒತ್ತುಯಂತ್ರದ ಸಮೇತ, ನಗರ ಉಳಿಸಿಕೊಳ್ಳಬೇಕು. ಮನೆ ಕೆಡಹುವವರು ಹಂಚನ್ನು ಲಾರಿಗೆ ಸುರಿಯುವ ಮುಂಚೆ ಹಿಂಬದಿಯ ಅಕ್ಷರಗಳನ್ನು ಓದಿ, ಬೇರೆ ಬೇರೆ ಕಾರ್ಖಾನೆಗಳ ಒಂದೊಂದು ಹಂಚನ್ನು ಎತ್ತಿಡಿ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ಭಂಡಾರದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಕಾಗದಪತ್ರಗಳಿವೆ. ನಿಮ್ಮ ಅಜ್ಜ ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರಾಗಿದ್ದರೆ ಅವರ ನೆನಪುಗಳನ್ನು ಬರೆದಿಡಿ. ಪಾದ್ರಿಗಳ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಮಣ್ಣು ತುಳಿದವರ, ಹಂಚು ಹೊತ್ತವರ ಹೆಸರು ಇನ್ನೂ ಬರೆಯಬೇಕಾಗಿದೆ.